ಥೈರಾಯ್ಡ್ ಮಾತ್ರೆನ ಕಾಫಿ ಜೊತೆ ನುಂಗೋ ಅಮ್ಮ: ಬದಲಿಗೆ ಏನು ಕೊಡಲಿ?

ತುಮಕೂರು ಮಗಳು:
ಅಮ್ಮನಿಗೆ 62. ಥೈರಾಯ್ಡ್‌ಗೆ ಥೈರಾಕ್ಸಿನ್, ಮೂಳೆಗೆ ಕ್ಯಾಲ್ಸಿಯಂ, ಬಿಪಿಗೆ ಟೆಲ್ಮಿಸಾರ್ಟನ್. ಮೂರನ್ನೂ ಬಾಯಿಗೆ ಹಾಕ್ಕೊಂಡು ಬೆಳಗಿನ ಮೊದಲ ಕಾಫಿ ಜೊತೆ ಇಳಿಸಿಬಿಡ್ತಾರೆ. ಬರೀ ನೀರಾದ್ರೆ ವಾಕರಿಕೆಯಂತೆ. ಟಿಎಸ್‌ಎಚ್ (ರಕ್ತಪರೀಕ್ಷೆಲಿ ನೋಡೋ ಹಾರ್ಮೋನು, ಥೈರಾಯ್ಡ್ ಕಮ್ಮಿಯಾದ್ರೆ ಇದು ಏರುತ್ತೆ) ಇಳೀತಿಲ್ಲ ಅಂತ ಡಾಕ್ಟರು ಥೈರಾಕ್ಸಿನ್ 50ರಿಂದ 75 ಮೈಕ್ರೋಗ್ರಾಂ ಮಾಡಿದ್ರು. ಕಾಫಿ ವಿಷಯ ಮಾತ್ರ ಅಮ್ಮ ಅಲ್ಲಿ ಬಾಯೇ ಬಿಡಲಿಲ್ಲ. ಹಾಲು, ಮಜ್ಜಿಗೆ, ಎಳನೀರು, ಇವುಗಳಲ್ಲಿ ಯಾವುದಾದ್ರೂ ಆಗುತ್ತಾ?

ಮೆಡಿಕಲ್ ಶಾಪ್ ಮಾವ:
ಮೂರೂ ಬೇಡಮ್ಮ, ನೀರೇ. ಒಂದು ಪೂರ್ತಿ ಲೋಟ, ಕೂತ್ಕೊಂಡು. ವಾಕರಿಕೆ ಇದ್ರೆ ಉಗುರು ಬೆಚ್ಚಗಿನ ನೀರು ಕೊಟ್ಟು ನೋಡಿ.

ಥೈರಾಕ್ಸಿನ್ ಬಹಳ ಮಡಿವಂತ ಮಾತ್ರೆ. ಕಾಫಿ ಜೊತೆ ಹೋದ್ರೆ ಕರುಳು ಅದನ್ನ ಸರಿಯಾಗಿ ಹೀರ್ಕೊಳ್ಳಲ್ಲ. ಕ್ಯಾಲ್ಸಿಯಂ ಅಂತೂ ಹೊಟ್ಟೆಯೊಳಗೇ ಅದನ್ನ ಹಿಡಿದುಕೊಂಡು ಬಿಡುತ್ತೆ; ಹಾಲು ಬೇಡ ಅಂದಿದ್ದೂ ಅದಕ್ಕೇ. ನಿಮ್ಮಮ್ಮನ ಲೋಟದಲ್ಲಿ ಎರಡೂ ಒಟ್ಟಿಗೆ ಸೇರಿವೆ, ಟಿಎಸ್‌ಎಚ್ ಎಲ್ಲಿಂದ ಇಳೀಬೇಕು?

ಕಾಫಿ ಬಿಡಿ ಅಂತ ಮಾತ್ರ ಹೇಳೋಕೆ ಹೋಗಬೇಡಿ, ಮಾತ್ರೆನೇ ಬಿಟ್ಟಾರು! ಎದ್ದ ತಕ್ಷಣ ಥೈರಾಕ್ಸಿನ್ ನುಂಗಿ, ಆಮೇಲೆ ಫಿಲ್ಟರ್‌ಗೆ ಪುಡಿ ಹಾಕಿ ಬಿಸಿನೀರು ಹುಯ್ಯಲಿ. ಡಿಕಾಕ್ಷನ್ ಇಳಿದು, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ಹಾಲು ಕಾಯೋಷ್ಟರಲ್ಲಿ ಅರ್ಧ ಗಂಟೆ ಹೋಗುತ್ತೆ. ಒಂದು ಗಂಟೆ ಆದ್ರೆ ಇನ್ನೂ ಒಳ್ಳೇದು. ರಾತ್ರಿಯ ಡಿಕಾಕ್ಷನ್ ಫ್ರಿಜ್ಜಲ್ಲಿ ಇಡೋ ಮನೆಯಾದ್ರೆ ಈ ಉಪಾಯ ನಡೆಯಲ್ಲ ನೋಡಿ.

ಕ್ಯಾಲ್ಸಿಯಂ ಮಧ್ಯಾಹ್ನ ಊಟದ ಜೊತೆ. ಥೈರಾಕ್ಸಿನ್‌ಗೂ ಅದಕ್ಕೂ 4 ಗಂಟೆ ಅಂತರ ಇರಲೇಬೇಕು. ಟೆಲ್ಮಿಸಾರ್ಟನ್‌ಗೆ ಇಷ್ಟೊಂದು ರಗಳೆ ಇಲ್ಲ, ತಿಂಡಿಗೆ ಮುಂಚೆನೋ ಆಮೇಲೋ ದಿನಾ ಒಂದೇ ಹೊತ್ತಿಗೆ ತಗೊಂಡ್ರಾಯ್ತು. ಎಳನೀರಿನ ತಕರಾರು ಇರೋದು ಈ ಮಾತ್ರೆ ಜೊತೆ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಟೆಲ್ಮಿಸಾರ್ಟನ್ ಕೂಡ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು. ಕಿಡ್ನಿ ಚೆನ್ನಾಗಿದ್ರೆ ಅಪರೂಪಕ್ಕೊಂದು ಕುಡಿದ್ರೆ ಏನಾಗಲ್ಲ. ಕಿಡ್ನಿ ತೊಂದರೆ ಇರೋರು ದಿನಾ ಕುಡಿಯೋದು ಅಪಾಯ.

ಮುಖ್ಯವಾದದ್ದು ಈಗ ಹೇಳ್ತೀನಿ. 75 ಅಂತ ಮಾಡಿದ್ದು ಕಾಫಿ ಜೊತೆ ನುಂಗ್ತಿದ್ದಾಗಿನ ಲೆಕ್ಕ. ಇನ್ಮೇಲೆ ಮಾತ್ರೆ ಸರಿಯಾಗಿ ಮೈಗೆ ಹತ್ತಿದ್ರೆ ಅದೇ 75 ಜಾಸ್ತಿಯಾಗಿ ಎದೆ ಢವಢವ, ಬೆವರು, ನಿದ್ದೆಗೇಡು ಶುರುವಾಗಬಹುದು. ಬದಲಾಯಿಸೋ ಮುಂಚೆನೇ ಡಾಕ್ಟರಿಗೆ ಕಾಫಿ ಕಥೆ ಪೂರ್ತಿ ಹೇಳಿ. 6ರಿಂದ 8 ವಾರ ಬಿಟ್ಟು ಮತ್ತೆ ಟಿಎಸ್‌ಎಚ್ ಮಾಡಿಸಿ. ಡೋಸ್ ನೀವಾಗೇ ಇಳಿಸೋ ಹಾಗಿಲ್ಲ.

ಬಸವನಗುಡಿ ಬೈಟು:
ಮಾವ, ನಮ್ಮಜ್ಜಿ ಎಲ್ಲಾ ಮಾತ್ರೆನೂ ಕಾಫಿಲೇ ನುಂಗಿ 90 ದಾಟಿದ್ರು 😀

ಮೆಡಿಕಲ್ ಶಾಪ್ ಮಾವ:
ಅಜ್ಜಿ ನುಂಗಿದ್ದು ಯಾವ ಮಾತ್ರೆ ಅಂತ ಹೇಳಪ್ಪ. ತಲೆನೋವಿನ ಪ್ಯಾರಾಸಿಟಮಾಲ್ ಆದ್ರೆ ಕಾಫಿ ಜೊತೆ ನಡೆಯುತ್ತೆ, ಕೆಫೀನ್ ಸೇರಿಸೇ ಮಾರೋ ಮಾತ್ರೆಗಳೂ ಇವೆ. ಕಬ್ಬಿಣದ ಮಾತ್ರೆ ಆಗಿದ್ರೆ ಅರ್ಧ ದಂಡ. ಅದಕ್ಕೆ ಕಾಫಿ, ಟೀ, ಹಾಲು ಯಾವುದೂ ಆಗಲ್ಲ, ನಿಂಬೆ ಪಾನಕ ಒಳ್ಳೇದು.

ತುಮಕೂರು ಮಗಳು:
ನಮ್ಮನೇಲಿ ಡಿಕಾಕ್ಷನ್ ಬೆಳಿಗ್ಗೆನೇ ಹಾಕೋದು, ಬಚಾವ್. ಡಾಕ್ಟರಿಗೆ ಫೋನ್ ಮಾಡ್ತೀನಿ. ಥ್ಯಾಂಕ್ಸ್ ಮಾವ.

ಚಕ್ಕೋತ ತೋಟ, ದೇವನಹಳ್ಳಿ ಕಡೆ:
ಕೊಲೆಸ್ಟ್ರಾಲ್ ಮಾತ್ರೆಗೆ ಗ್ರೇಪ್‌ಫ್ರೂಟ್ ಜ್ಯೂಸ್ ಆಗಲ್ಲ ಅಂತಾರಲ್ಲ, ನಮ್ಮ ಚಕ್ಕೋತ? ಅಪ್ಪ ಅಟೋರ್ವಾಸ್ಟಾಟಿನ್ ತಗೋತಾರೆ, ಹಿತ್ತಲಲ್ಲೇ ಮರ ಇದೆ.

ಮೆಡಿಕಲ್ ಶಾಪ್ ಮಾವ:
ಒಳ್ಳೇ ಪ್ರಶ್ನೆ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ, ಕಿತ್ತಳೆ ಎರಡರ ಮಿಶ್ರಣದಿಂದ, ಹಾಗಾಗಿ ಆ ಗುಣ ಇದರಲ್ಲೂ ಇದೆ. ಕರುಳಲ್ಲಿ ಔಷಧಿಯನ್ನ ಒಡೆಯೋ ಕಿಣ್ವವನ್ನ ಅದು ತಡೆಯುತ್ತೆ, ರಕ್ತಕ್ಕೆ ಹೋಗೋ ಔಷಧಿ ಹೆಚ್ಚಾಗುತ್ತೆ. ಯಾವಾಗಲೋ ನಾಲ್ಕು ತೊಳೆ ತಿಂದ್ರೆ ಅಟೋರ್ವಾಸ್ಟಾಟಿನ್‌ಗೆ ಅಂಥ ಭಯವಿಲ್ಲ. ದಿನಾ ಜ್ಯೂಸ್ ಮಾಡಿ ಕುಡಿಯೋದಾದ್ರೆ ಡಾಕ್ಟರನ್ನ ಕೇಳಿ. ಕಿಡ್ನಿ ಕಸಿ ಆಗಿ ಸೈಕ್ಲೋಸ್ಪೊರಿನ್, ಟ್ಯಾಕ್ರೋಲಿಮಸ್ ತಗೊಳ್ಳೋರು ಚಕ್ಕೋತದ ತಂಟೆಗೇ ಹೋಗಬಾರದು. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಅಂತ ಅಂತರ ಕೊಟ್ರೂ ಸಾಲದು, ಅದರ ಪ್ರಭಾವ ಒಂದು ದಿನಕ್ಕಿಂತ ಜಾಸ್ತಿ ಇರುತ್ತೆ.