ವರಹ, ಆನೆಕಾಸು: ವಿಮೆಗೂ ಮಾರಾಟಕ್ಕೂ ಫೋಟೋ ಹೇಗೆ?

ಪ್ರಶ್ನೆ: ನಾಲ್ಕು ಚಿನ್ನದ ವರಹ, ಟಿಪ್ಪು ಕಾಲದ ಹನ್ನೆರಡು ತಾಮ್ರದ ಆನೆಕಾಸು ಇವೆ. ಮೊಬೈಲ್‌ನಲ್ಲಿ ತೆಗೆದರೆ ವರಹ ಬರೀ ಹೊಳಪು, ಆನೆ ಕಪ್ಪು ಮುದ್ದೆ. ಹುಣಸೆಹಣ್ಣು ಹಾಕಿ ಉಜ್ಜಿ ತೆಗೆಯಲೇ ಸರ್?

ಉತ್ತರ: ಹುಣಸೆಹಣ್ಣು ಹತ್ತಿರವೂ ತರಬೇಡಿ. ಕಂದು ಪದರ ಕಿತ್ತುಹೋದರೆ ತಾಮ್ರ ಗುಲಾಬಿಯಾಗುತ್ತೆ, ತೊಳೆದದ್ದು ಅಂತ ನೋಡಿದ ತಕ್ಷಣ ಗೊತ್ತಾಗಿ ಬೆಲೆ ಬೀಳುತ್ತೆ. ನಿಮ್ಮ ತೊಂದರೆ ಕೊಳೆಯದ್ದಲ್ಲ, ಬೆಳಕಿನದು.

ಫ್ಲ್ಯಾಶ್ ಆರಿಸಿ. ಕಾಸಿಗೆ ಒಂದೇ ದೀಪ, ಪಕ್ಕದಿಂದ, ತಗ್ಗಿನಲ್ಲಿ. ನೆರಳು ಬಿದ್ದರೇನೇ ಆನೆಯ ಸೊಂಡಿಲು ಎದ್ದು ಕಾಣುವುದು. ವರಹಕ್ಕೆ ಎರಡು ದೀಪ, ಮುಂದೆ ಟ್ರೇಸಿಂಗ್ ಪೇಪರ್, ಎಕ್ಸ್‌ಪೋಷರ್ ಸ್ವಲ್ಪ ಕಡಿಮೆ. ಕೆಳಗೆ ಮಾಸಲು ಬೂದು ಕಾಗದ ಹಾಸಿ. ಕಪ್ಪು ಬಟ್ಟೆ ಹಾಸಿದರೆ ಮೊಬೈಲ್ ತಾನೇ ಬೆಳಕು ಹೆಚ್ಚಿಸಿ ಚಿನ್ನವನ್ನು ಬೆಳ್ಳಗೆ ಮಾಡುತ್ತೆ.

ವರಹ ಚಿಕ್ಕದು ಅಂತ ಮೊಬೈಲನ್ನು ನಾಣ್ಯಕ್ಕೆ ತಾಗುವಷ್ಟು ಹತ್ತಿರ ತರಬೇಡಿ. ಸುಮಾರು 15 ಸೆಂ.ಮೀ. ಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿ 2 ಪಟ್ಟು ಜೂಮ್, 2 ಸೆಕೆಂಡ್ ಟೈಮರ್. ಮೊಬೈಲ್ ಓರೆಯಾದರೆ ದುಂಡು ಕಾಸು ಮೊಟ್ಟೆಯಾಕಾರ ಆಗುತ್ತೆ. ಮಿಲಿಮೀಟರ್ ಸ್ಕೇಲ್ ನಾಣ್ಯದ ಮೇಲ್ಮೈ ಮಟ್ಟಕ್ಕೇ ಇರಲಿ, ತಗ್ಗಿನಲ್ಲಿದ್ದರೆ ಅಳತೆ ತಪ್ಪು.

ಪ್ರಶ್ನೆ: ಎರಡು ಮುಖ ಸಾಕೇ?

ಉತ್ತರ: ಮಾರಾಟಕ್ಕೆ ಸಾಕು, ವಿಮೆಗೆ ಸಾಲದು. ಕಳೆದುಹೋದದ್ದು ಇದೇ ನಾಣ್ಯ ಅಂತ ತೋರಿಸುವುದು ಅಂಚಿನ ಬಿರುಕು, ಗೀರು, ಅಚ್ಚು ಜರುಗಿದ ಗುರುತು. ಅವುಗಳನ್ನು ಹತ್ತಿರದಿಂದ ಬೇರೆಯಾಗಿ ತೆಗೆಯಿರಿ. ಆನೆ ಎಡಕ್ಕೋ ಬಲಕ್ಕೋ ಮುಖ ಮಾಡಿದೆ, ಹಿಂದೆ ಟಂಕಸಾಲೆಯ ಹೆಸರೇನು, ಬರೆದಿಡಿ. ಟಿಪ್ಪು ಜಾರಿಗೆ ತಂದ ಮೌಲೂದಿ ಕಾಲಗಣನೆಯ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, 5121 ಕಂಡರೆ ಅದು 1215. ಉಲ್ಟಾ ಬಂದಿದೆ ಅಂತ ಚಿತ್ರ ಮಗುಚಿಬಿಟ್ಟೀರಿ!

ಇನ್ನೊಬ್ಬರ ಉತ್ತರ: ತೂಕವನ್ನೂ ಸೇರಿಸಿ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ. ವರಹ ಸುಮಾರು 3.4 ಗ್ರಾಂ, ಅಡುಗೆಮನೆ ತಕ್ಕಡಿ 3 ಅಂತಷ್ಟೇ ಹೇಳುತ್ತೆ. ತಕ್ಕಡಿ ಮೇಲಿರುವಾಗಲೇ ಒಂದು ಫೋಟೋ.

ಪ್ರಶ್ನೆ: ವಿಮೆ ಏಜೆಂಟ್ ವಾಟ್ಸಾಪ್‌ನಲ್ಲಿ ಕಳಿಸಿ ಅಂದರು.

ಉತ್ತರ: ಫೋಟೋ ಆಗಿ ಕಳಿಸಿದರೆ ಕುಗ್ಗುತ್ತೆ, ತೆಗೆದ ದಿನಾಂಕದ ಮಾಹಿತಿಯೂ ಅಳಿಯುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಫೈಲ್ ಮನೆಯ ಹೊರಗೂ ಒಂದು ಕಡೆ ಇಡಿ. ಮಾರಾಟಕ್ಕೆ ಹಾಕುವ ಪ್ರತಿಯಲ್ಲಿ ಮಾತ್ರ ಲೊಕೇಶನ್ ತೆಗೆದುಹಾಕಿ, ಕಳ್ಳನಿಗೆ ವಿಳಾಸ ಕೊಟ್ಟಂತಾಗಬಾರದು. ಮನೆ ವಿಮೆಯಲ್ಲಿ ನಾಣ್ಯ ತಾನಾಗಿ ಸೇರಿರುತ್ತೆ ಅಂದುಕೊಳ್ಳಬೇಡಿ, ಮೌಲ್ಯಮಾಪನ ಪತ್ರದ ಜೊತೆ ಒಂದೊಂದನ್ನೂ ಪಟ್ಟಿಗೆ ಹಾಕಿಸಿ. ವಿದೇಶದಿಂದ ಗಿರಾಕಿ ಬಂದರೆ ಆಗಲ್ಲ ಅನ್ನಿ: 100 ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ಹೊರಗೆ ಕಳಿಸುವುದಕ್ಕೆ 1972ರ ಪುರಾವಸ್ತು ಕಾಯ್ದೆ ಬಿಡುವುದಿಲ್ಲ.