ಬೇಸ್‌ಮೆಂಟಿನ ಸೌದೆ ಫರ್ನೇಸ್‌ಗೆ ನಾನೇ ಡಕ್ಟ್ ಹಾಕಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಹತ್ತಿರ ಹಳೇ ಮನೆ ತಗೊಂಡಿದ್ದೇವೆ. ಬೇಸ್‌ಮೆಂಟಿನಲ್ಲಿ ಸೌದೆ, ಕಲ್ಲಿದ್ದಲು ಎರಡನ್ನೂ ಉರಿಸಿ ಮನೆ ಬಿಸಿ ಮಾಡುವ ಫರ್ನೇಸ್ ಇದೆ. ಹಿಂದಿನವರು ನೆಲದ ಒಂದು ಜಾಲರಿಯಿಂದ ಹಾಲ್‌ಗೆ ಮಾತ್ರ ಬಿಸಿಗಾಳಿ ಬಿಡುತ್ತಿದ್ದರು. ಮಲಗುವ ಕೋಣೆಗಳಿಗೂ ಡಕ್ಟ್, ಅಂದರೆ ಬಿಸಿಗಾಳಿ ಸಾಗಿಸುವ ಕೊಳವೆ, ಎಳೆಯಬೇಕು. ಬಳುಕುವ ಫಾಯಿಲ್ ಡಕ್ಟ್ ಸಾಕಾ? ಹೊಗೆ ಪೈಪನ್ನು ಗ್ಯಾಸ್ ವಾಟರ್ ಹೀಟರಿನ ಚಿಮ್ನಿಗೇ ಸೇರಿಸಬಹುದಾ? ಇನ್ನೊಂದು, ಈಗಿರುವ ಹೊಗೆ ಪೈಪಿನ ಜೋಡಣೆಗಳಲ್ಲಿ ಟಾರಿನ ಹಾಗೆ ಕಪ್ಪಗೆ ಸೋರಿ ಒಣಗಿದೆ. ನಮ್ಮೂರು ತೀರ್ಥಹಳ್ಳಿ ಕಡೆ. ಬಚ್ಚಲೊಲೆ ಉರಿಸಿಯೇ ಬೆಳೆದವನು, ಬೆಂಕಿ ನನಗೆ ಹೊಸದಲ್ಲ.

ಉತ್ತರ: ಬೆಂಕಿ ಹೊಸದಲ್ಲ, ಒಪ್ಪಿದೆ. ಆದರೆ ಊರಿನ ಬಚ್ಚಲುಮನೆಯಲ್ಲಿ ಹೊಗೆ ಹೆಂಚಿನ ಸಂದಿಯಲ್ಲೇ ಹೋಗುತ್ತಿತ್ತು. ಈ ಮನೆ ಚಳಿಗೆ ಹೆದರಿ ಎಲ್ಲ ಸಂದಿ ಮುಚ್ಚಿಕೊಂಡು ಕೂತಿದೆ.

ಮೊದಲು ಆ ಕಪ್ಪು ಕಲೆ. ಅದು ಕ್ರಿಯೊಸೋಟ್. ಹಸಿ ಸೌದೆಯ ಹೊಗೆ ತಣ್ಣಗಿನ ಪೈಪಿಗೆ ತಾಗಿದರೆ ಹೀಗೆ ಇಳಿಯುತ್ತದೆ. ಹೊರಗೆ ಸೋರಿದೆ ಅಂದರೆ ಪೈಪುಗಳನ್ನು ಉಲ್ಟಾ ಸಿಗಿಸಿರಬೇಕು. ಹೆಂಚು ಹೊದಿಸುವಾಗ ಮೇಲಿನ ಹೆಂಚು ಕೆಳಗಿನದರ ಮೇಲೆ ಬರುತ್ತದೆ, ಅಲ್ವಾ? ಅಲ್ಲಿ ನೀರು ಹೊರಮೈಯಲ್ಲಿ ಹರಿಯುತ್ತದೆ. ಇಲ್ಲಿ ಹರಿಯುವುದು ಒಳಮೈಯಲ್ಲಿ. ಹಾಗಾಗಿ ಮೇಲಿನ ಪೈಪಿನ ನೆರಿಗೆ ತುದಿ ಕೆಳಗಿನ ಪೈಪಿನ ಒಳಗೆ ಕೂರಬೇಕು. ಪ್ರತಿ ಜೋಡಣೆಗೆ 3 ಸ್ಕ್ರೂ. ಅಡ್ಡ ಹೋಗುವ ಭಾಗ ಚಿಮ್ನಿ ಕಡೆಗೆ ಅಡಿಗೆ ಕಾಲು ಇಂಚಾದರೂ ಏರುತ್ತಿರಲಿ. 24 ಗೇಜಿನ ಕಪ್ಪು ಉಕ್ಕಿನ ಪೈಪ್ ತನ್ನಿ. ಹೊಳೆಯುವ ಗ್ಯಾಲ್ವನೈಸ್ಡ್ ಬೇಡ, ಜಾಸ್ತಿ ಕಾದರೆ ಸತುವಿನ ಹೊಗೆ ಬಿಡುತ್ತದೆ. ಒಂಟಿ ಪದರದ ಪೈಪಿಗೂ ಮರಕ್ಕೂ 18 ಇಂಚು ಅಂತರ ಇರಲೇಬೇಕು. ತಲೆ ಮೇಲಿನ ಜಂತೆಗಳನ್ನೂ ಟೇಪ್ ಹಿಡಿದು ಅಳೆಯಿರಿ.

ಗ್ಯಾಸ್ ಹೀಟರಿನ ಚಿಮ್ನಿಗೆ ಸೇರಿಸುವುದು ಬೇಡವೇ ಬೇಡ. ಸೌದೆ ಫರ್ನೇಸ್‌ಗೆ ಅದರದ್ದೇ ಚಿಮ್ನಿ ಬೇಕು.

ಫಾಯಿಲ್ ಡಕ್ಟೂ ಬೇಡ, ತಗಡಿನದೇ ಹಾಕಿ. ಯಾಕೆ ಅಂತೀರಾ? ಗ್ಯಾಸ್ ಫರ್ನೇಸ್ ಆದರೆ ಸ್ವಿಚ್ ಆರಿಸಿದರೆ ಬೆಂಕಿಯೂ ಆರುತ್ತದೆ. ಹಿಮ ಬಿದ್ದು ಕರೆಂಟ್ ಹೋಯಿತು ಅನ್ನಿ, ಬಿಸಿಗಾಳಿಯನ್ನು ಡಕ್ಟಿಗೆ ತಳ್ಳುವ ಫ್ಯಾನ್ ನಿಲ್ಲುತ್ತದೆ, ಒಳಗಿನ ಸೌದೆ ಉರಿಯುತ್ತಲೇ ಇರುತ್ತದೆ. ಫರ್ನೇಸಿನ ತಲೆ ಮೇಲಿನ ತಗಡಿನ ಪೆಟ್ಟಿಗೆ, ಅಂದರೆ ಪ್ಲೆನಮ್, ಕಾಯುತ್ತಾ ಹೋಗುತ್ತದೆ. ಆ ಬಿಸಿ ತಾನಾಗಿ ಮೇಲೇರಲು ಒಂದು ದಾರಿ ಸದಾ ತೆರೆದಿರಬೇಕು. ಆ ಹಳೇ ಜಾಲರಿ ಇದೆಯಲ್ಲ, ಅದನ್ನು ಮುಚ್ಚಬೇಡಿ. ಅದರ ಮೇಲೆ ಕಾರ್ಪೆಟ್ಟೂ ಹಾಸಬೇಡಿ. ಪ್ಲೆನಮ್ಮಿಗೂ ಡಕ್ಟಿಗೂ ಮರದಿಂದ ಎಷ್ಟು ದೂರ ಬೇಕು ಅನ್ನುವುದು ಫರ್ನೇಸಿಗೆ ಅಂಟಿಸಿದ ಲೇಬಲ್‌ನಲ್ಲಿ ಅಥವಾ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅದು ಸಿಗದಿದ್ದರೆ ಡಕ್ಟಿಗೆ ಕೈ ಹಾಕಬೇಡಿ.

ಪ್ರಶ್ನೆ: ಫ್ಯಾನಿಗೆ ಬೇಕಾದ ರಿಟರ್ನ್ ಗಾಳಿಯನ್ನು, ಅಂದರೆ ಬಿಸಿಯಾಗಲು ಫರ್ನೇಸಿಗೆ ವಾಪಸ್ ಬರುವ ಗಾಳಿಯನ್ನು, ಬೇಸ್‌ಮೆಂಟಿನಿಂದಲೇ ತಗೊಂಡರೆ ಒಂದು ಡಕ್ಟ್ ಖರ್ಚು ಉಳಿಯುತ್ತಲ್ಲ ಸರ್?

ಉತ್ತರ: ಜನ ಎಡವುವುದೇ ಇಲ್ಲಿ. ಬೇಸ್‌ಮೆಂಟಿನ ಗಾಳಿಯನ್ನು ಫ್ಯಾನ್ ಎಳೆದೆಳೆದು ಮೇಲೆ ತಳ್ಳಿದರೆ ಅಲ್ಲಿ ಗಾಳಿ ಸಾಲದಾಗುತ್ತದೆ. ಆಗ ಚಿಮ್ನಿಯಿಂದಲೇ ಗಾಳಿ ಕೆಳಕ್ಕೆ ನುಗ್ಗಬಹುದು, ಜೊತೆಗೆ ಹೊಗೆಯೂ. ಅದನ್ನು ಮಕ್ಕಳು ಮಲಗಿರುವ ಕೋಣೆಗೆ ಹಂಚುವುದೂ ಅದೇ ಫ್ಯಾನ್. ಸೌದೆ ಹೊಗೆಯಾದರೆ ಮೂಗಿಗಾದರೂ ಗೊತ್ತಾದೀತು. ನಿಮ್ಮ ಕಡೆಯ ಆಂಥ್ರಸೈಟ್ ಕಲ್ಲಿದ್ದಲು ಹೊಗೆಯೇ ಕಾಣದ ಹಾಗೆ ಉರಿಯುತ್ತದೆ. ಉರಿಯುವಾಗ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಿಟರ್ನ್ ಡಕ್ಟನ್ನು ಮೇಲಿನ ಕೋಣೆಗಳಿಂದ ಇಳಿಸಿ. ಪ್ರತಿ ಮಹಡಿಗೆ, ಮಲಗುವ ಕೋಣೆಗಳ ಹತ್ತಿರ, ಮಾನಾಕ್ಸೈಡ್ ಅಲಾರಂ ಹಾಕಿ.

ಮತ್ತೊಬ್ಬ ಸದಸ್ಯರು: ನಮ್ಮದೂ ಕಲ್ಲಿದ್ದಲಿನದೇ. ಚಳಿಗಾಲ ಪೂರ್ತಿ ಚೆನ್ನಾಗಿದ್ದ ಪೈಪ್ ಸುಮ್ನೆ ನಿಂತಿದ್ದ ಬೇಸಿಗೆಯಲ್ಲಿ ತೂತು ಬಿದ್ದಿತ್ತು!

ಉತ್ತರ: ಒಳಗೆ ಬೂದಿ ಬಿಟ್ಟಿದ್ದೀರಿ. ಅದರಲ್ಲಿ ಗಂಧಕದ ಅಂಶ ಇರುತ್ತದೆ. ಬೇಸಿಗೆಯ ತೇವ ಸೇರಿದರೆ ಆಮ್ಲವಾಗಿ ತಗಡು ತಿನ್ನುತ್ತದೆ. ಬೆಂಕಿ ನಿಲ್ಲಿಸಿದ ವಾರವೇ ಪೈಪ್ ಬಿಚ್ಚಿ ಗುಡಿಸಿ.

ಪ್ರಶ್ನೆ ಕೇಳಿದವರು: ಈಗಷ್ಟೇ ನೋಡಿದೆ ಸರ್. 4 ಪೈಪಿನಲ್ಲಿ 3 ಉಲ್ಟಾ ಇವೆ. ಜೋಡಣೆಗೆ ಒಂದೊಂದೇ ಸ್ಕ್ರೂ.

ಉತ್ತರ: ಹಾಗಾದರೆ ಚಿಮ್ನಿ ಒಳಗೂ ಕ್ರಿಯೊಸೋಟ್ ಕಟ್ಟಿರಬಹುದು. ಚಿಮ್ನಿ ಗುಡಿಸುವವರನ್ನು ಕರೆಸಿ, ಒಳಗೆ ಬಿರುಕು ಇದೆಯಾ ಅಂತಲೂ ನೋಡಿಸಿ. ಡಕ್ಟ್ ಕೆಲಸಕ್ಕೆ ನಿಮ್ಮ ಟೌನ್‌ಶಿಪ್ಪಿನಲ್ಲಿ ಪರ್ಮಿಟ್ ಬೇಕಾ ಅಂತ ಕೇಳಿ, ಮನೆ ವಿಮೆಯವರಿಗೂ ಒಂದು ಮಾತು ಹೇಳಿ. ಅಲ್ಲಿಯವರೆಗೆ ಬೆಂಕಿ ಹಾಕಬೇಡಿ.