"ನೀನ್ಯಾವ ದೊಣ್ಣೆನಾಯಕ" ಅಂತಾರಲ್ಲ, ಸರಿಯಾಗಿ ಏನರ್ಥ?

ಹೊಸಿಲು:
ನಮ್ಮ ಅಪಾರ್ಟ್‌ಮೆಂಟ್ ಸೆಕ್ರೆಟರಿ ಟೆರೇಸಲ್ಲಿ ಬಟ್ಟೆ ಒಣಗಿಹಾಕೋಕೂ ಟೈಮಿಂಗ್ಸ್ ಅಂತ ಲಿಫ್ಟ್ ಪಕ್ಕ ನೋಟಿಸ್ ಅಂಟಿಸಿದ್ರು. ಅದನ್ನ ನೋಡಿ ಕೆಳಗಿನ ಮನೆ ಅಜ್ಜಿ "ಇವನ್ಯಾವ ದೊಣ್ಣೆನಾಯಕ ಅಂತ ಇವನ ಅಪ್ಪಣೆ ಕೇಳ್ಬೇಕು" ಅಂದ್ರು. ಎಲ್ರೂ ನಕ್ವಿ, ಆದ್ರೆ ದೊಣ್ಣೆ ಹಿಡ್ಕೊಂಡಿರೋ ನಾಯಕ ಅಂದ್ರೆ ರೌಡಿ ಅಂತಾನಾ ಇಲ್ಲ ಲೀಡರ್ ಅಂತಾನಾ? ಪಾಳೇಗಾರ ಅಂತಾರಲ್ಲ, ಅದೂ ಇದೂ ಒಂದೇನಾ?

ಗುಬ್ಬಿಗೂಡು:
ರೌಡಿ ಅಲ್ಲ. ಶಾಸನಗಳಲ್ಲಿ ದಂಡನಾಯಕ ಅಂತ ಬರುತ್ತಲ್ಲ, ದಂಡಿನ ಮುಖ್ಯಸ್ಥ, ಹೊಯ್ಸಳ ವಿಷ್ಣುವರ್ಧನನ ಹತ್ರ ಗಂಗರಾಜ ಇದ್ನಲ್ಲ, ಚೋಳರಿಂದ ತಲಕಾಡು ಬಿಡಿಸ್ಕೊಂಡವನು, ಅಂಥವರು. ಆ ಪದಾನೇ ದಣ್ಣಾಯಕ, ದಣಾಯಕ ಅಂತ ಸವೆದಿದೆ, ಹಂಪಿಲಿ ದಣ್ಣಾಯಕನ ಆವರಣ ಇದೆ, ಹೊಸಪೇಟೆ ಕಡೆ ಡಣಾಯಕನಕೆರೆ ಅಂತ ಊರೇ ಇದೆ. ಜನರ ಬಾಯಲ್ಲಿ ಅದೇ ದೊಣ್ಣೆನಾಯಕ ಆಯ್ತು ಅಂತ ಹೇಳ್ತಾರೆ, ನಂಗೂ ಅದೇ ಸರಿ ಅನ್ಸತ್ತೆ, ಯಾಕಂದ್ರೆ ಈ ಮಾತಿನ ಹಿಂದೇನೇ ಅಪ್ಪಣೆ ಅನ್ನೋದು ಬರುತ್ತೆ, ರೌಡಿ ಹತ್ರ ಯಾರ್ರೀ ಅಪ್ಪಣೆ ಕೇಳ್ತಾರೆ.

ಕರಿಬೇವು:
ಮೂಲ ಏನೇ ಇರ್ಲಿ, ಬಳಸೋ ರೀತಿ ನೋಡಿ. "ಅವರು ನಮ್ಮ ಆಫೀಸಿನ ದೊಣ್ಣೆನಾಯಕರು" ಅಂತ ಯಾರೂ ಪರಿಚಯ ಮಾಡ್ಸಲ್ಲ. "ಅವನೇನ್ ದೊಣ್ಣೆನಾಯಕನಾ?", "ಯಾವ ದೊಣ್ಣೆನಾಯಕ ಬಂದ್ರೂ ನಾನ್ ಸೈನ್ ಹಾಕಲ್ಲ", ಹಿಂಗೆ ಒಂದೋ ಪ್ರಶ್ನೆ ಇಲ್ಲಾ ನಿರಾಕರಣೆ. ಪಾಳೇಗಾರ ಬೇರೆ, ಅವನ ಕೈಲಿ ನಿಜವಾಗ್ಲೂ ಅಧಿಕಾರ ಇರತ್ತೆ, ಅದನ್ನ ಮನಸ್ಸಿಗೆ ಬಂದಂಗೆ ಚಲಾಯಿಸ್ತಾನೆ, ನಾವು ಬಾಯ್ಮುಚ್ಕೊಂಡು ಸಹಿಸ್ಕೋತೀವಿ. ದೊಣ್ಣೆನಾಯಕ ಅಂದ್ರೆ ನಿನ್ನ ಅಧಿಕಾರಾನೇ ನಾನು ಒಪ್ಪಲ್ಲ ಹೋಗೋ ಅಂದಂಗೆ. ಕುರ್ಚಿ ಎಷ್ಟ್ ದೊಡ್ಡದು ಅನ್ನೋದು ಲೆಕ್ಕಕ್ಕೇ ಬರಲ್ಲ, ಮಿನಿಸ್ಟರಿಗೂ ಅನ್ಬೋದು, ಕ್ಯೂನಲ್ಲಿ ನಿಂತು ಎಲ್ರಿಗೂ ರೂಲ್ಸ್ ಹೇಳೋನಿಗೂ ಅನ್ಬೋದು.

ಹೊಸಿಲು:
ಸೂಪರ್, ಥ್ಯಾಂಕ್ಸ್. ಹಂಗಾದ್ರೆ ಸೆಕ್ರೆಟರಿ ಎದುರಿಗೇ ಅಂದ್ರೆ ನಡೆಯುತ್ತಾ? ಬಹುವಚನ ಹಾಕಿ?

ಕರಿಬೇವು:
"ನೀವ್ಯಾವ ದೊಣ್ಣೆನಾಯಕರು" ಅಂದ್ರೆ ಇನ್ನೂ ಜಾಸ್ತಿ ಉರಿಯುತ್ತೆ ಸ್ವಾಮಿ, ಗೌರವ ಕೊಟ್ಟಂಗೆ ಕೊಟ್ಟು ಕೆನ್ನೆಗೆ ಬಾರಿಸಿದಂಗೆ. ಈ ಮಾತು ಬೆನ್ನ ಹಿಂದೆ ಆಡೋಕೇ ಚೆಂದ. ಅಜ್ಜಿಗಾದ್ರೆ ವಯಸ್ಸಾಗಿದೆ, ಏನಂದ್ರೂ ನಡೆಯುತ್ತೆ, ನಿಮಗೆ ನಾಳೆ ಪಾರ್ಕಿಂಗ್ ಬೇಕಂದ್ರೆ ಅವರ ಹತ್ರಾನೇ ಹೋಗ್ಬೇಕು.